ಬಸ್ಸಿನ ಮೊದಲ ಮೆಟ್ಟಿಲು: ಪೋಲಿಯೋ ಕಾಲಿನ ಒಬ್ಬ ಟೈಲರ್‌ಗೆ ಫಂಕ್ಷನಲ್ ಟ್ರೈನಿಂಗ್ ಸೇರಿಸಿದ ಪ್ರಕರಣ

ಆರು ತಿಂಗಳ ವ್ಯಾಯಾಮದ ಶೀಟ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ನಾನು ಒಂದೊಂದೇ ಅಂಕಿಯನ್ನು ಖುಷಿಯಿಂದ ತೋರಿಸುತ್ತಿದ್ದೆ. ಎಳೆಯುವ ರಬ್ಬರ್ ಬ್ಯಾಂಡ್ ಹಳದಿಯಿಂದ ಅದಕ್ಕಿಂತ ಬಿಗಿಯಾದ ಹಸಿರಿಗೆ ಬಂದಿತ್ತು. ಕೈಯಲ್ಲಿ ತಿರುಗಿಸುವ ಪೆಡಲ್ 4 ನಿಮಿಷದಿಂದ 10 ನಿಮಿಷಕ್ಕೆ ಏರಿತ್ತು. 146/92 ಇದ್ದ ಬಿಪಿ 132/84ಕ್ಕೆ ಇಳಿದಿತ್ತು. ತೂಕ 71ರಿಂದ 68 ಕೆಜಿ ಆಗಿತ್ತು. ಎದುರಿಗೆ ಕೂತಿದ್ದ ಆ ಟೈಲರ್ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಅಂದರು: "ಎಲ್ಲಾ ಸರಿ ಸಾರ್. ಆದ್ರೆ ಬಸ್ ಹತ್ತೋಕೆ ಇನ್ನೂ ಯಾರಾದ್ರೂ ರಟ್ಟೆ ಹಿಡಿದು ಎಳೀಬೇಕಲ್ಲ."

ಈ ಪ್ರಕರಣ ಶುರುವಾದದ್ದು ಆ ಮಾತಿನಿಂದ. ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಫಿಸಿಯೋಥೆರಪಿಸ್ಟ್. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ.

ಅಕ್ಕನ ಹಿನ್ನೆಲೆ

ಅಕ್ಕನಿಗೆ 51 ವರ್ಷ. ಒಂದೂವರೆ ವರ್ಷದ ಮಗುವಾಗಿದ್ದಾಗ ಜ್ವರ ಬಂದು ಎಡಗಾಲು ಸೊರಗಿತು. ಮದುವೆಯಾಗಿದೆ, ಒಬ್ಬಳು ಮಗಳು. ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮಷಿನ್‌ಗೆ ಮೋಟರ್ ಇದೆ, ಬಲಗಾಲಿನಿಂದ ಒತ್ತುತ್ತಾರೆ. ವಾರಕ್ಕೊಮ್ಮೆ ಲೈನಿಂಗ್ ಬಟ್ಟೆ, ದಾರ, ಹುಕ್ಕು ತರಲು ತುಮಕೂರಿಗೆ ಹೋಗಬೇಕು.

ಅವರು ನಡೆಯುವ ರೀತಿಯನ್ನು ನಮ್ಮ ಕಡೆ ಎಲ್ಲರೂ ನೋಡಿರುತ್ತಾರೆ. ಎಡಗಾಲು ಊರುವಾಗ ಮುಂದಕ್ಕೆ ಬಾಗಿ, ಎಡಗೈಯಿಂದ ತೊಡೆಯನ್ನು ಒತ್ತಿ ಹಿಡಿಯುತ್ತಾರೆ. ತೊಡೆಯ ಮುಂದಿನ ಸ್ನಾಯುವಿಗೆ ಮೊಣಕಾಲನ್ನು ನೇರ ಹಿಡಿಯುವ ಶಕ್ತಿ ಇಲ್ಲ. ಹಾಗಾಗಿ ಆ ಕೆಲಸವನ್ನು ಕೈ ಮಾಡುತ್ತದೆ. ಐವತ್ತು ವರ್ಷ ಕೈ ಈ ಕೆಲಸ ಮಾಡಿದರೆ ಭುಜ ನೋಯದೆ ಇರುತ್ತದಾ? ಅವರಿಗೂ ಎಡಭುಜದ ನೋವಿತ್ತು, ಸೊಂಟದ ನೋವಿತ್ತು. ಹುಡುಗಿಯಾಗಿದ್ದಾಗ ಕಬ್ಬಿಣದ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಕೊಟ್ಟಿದ್ದರಂತೆ. ಭಾರ, ನೆಲದ ಮೇಲೆ ಕೂರಲು ಬಿಡುವುದಿಲ್ಲ ಅಂತ ಎರಡೇ ವರ್ಷಕ್ಕೆ ಅಟ್ಟಕ್ಕೆ ಹಾಕಿದರು. ಈಗ ಪಾದ ಜೋತು ಬೀಳದಂತೆ ಹಗುರವಾದ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕುತ್ತಾರೆ. ಎಡಗಾಲು ಎರಡೂವರೆ ಸೆಂ.ಮೀ. ಗಿಡ್ಡ ಇರುವುದರಿಂದ ಚಪ್ಪಲಿಯ ಅಟ್ಟೆ ಎತ್ತರಿಸಿದೆ.

ಸ್ನಾಯುವಿನ ಶಕ್ತಿಯನ್ನು ನಾವು 0ಯಿಂದ 5ರವರೆಗೆ ಅಳೆಯುತ್ತೇವೆ. ಭೂಮಿಯ ಸೆಳೆತದ ಎದುರು ಅಂಗವನ್ನು ಪೂರ್ತಿ ಎತ್ತಿದರೆ 3. ಅಕ್ಕನ ಎಡತೊಡೆಯ ಮುಂಭಾಗ 2, ಸೊಂಟದ ಪಕ್ಕದ ಸ್ನಾಯು 3, ಪಾದ ಎತ್ತುವ ಸ್ನಾಯು 1. ಬಲಗಾಲು 4. ಈ ಬಲಗಾಲಿನ 4 ಅನ್ನು ನಾನು ಮೊದಲೇ ಸರಿಯಾಗಿ ಗಮನಿಸಬೇಕಿತ್ತು. ಅದರ ಕಥೆ ಮುಂದೆ ಬರುತ್ತದೆ.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಕಾಡು ವೈರಸ್‌ನ, ಅಂದರೆ ಲಸಿಕೆಯಿಂದ ಬಂದದ್ದಲ್ಲದ ಮೂಲ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಇದು ನಿಜಕ್ಕೂ ದೊಡ್ಡ ಗೆಲುವು. ಆದರೆ ಅದಕ್ಕೂ ಮೊದಲು ಪೋಲಿಯೋ ಬಂದವರಲ್ಲಿ ಬಹಳ ಜನ ಈಗ ನಲವತ್ತು, ಐವತ್ತು, ಅರವತ್ತರಲ್ಲಿದ್ದಾರೆ. ಅವರಲ್ಲಿ ಹಲವರಿಗೆ ಈ ವಯಸ್ಸಿನಲ್ಲಿ ಹೊಸದಾಗಿ ಸುಸ್ತು, ನೋವು, ಶಕ್ತಿ ಕುಂದುವುದು ಶುರುವಾಗುತ್ತದೆ. ಇದಕ್ಕೆ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅಂತ ಹೆಸರು. ಈಗಿನ ಹುಡುಗ ಫಿಸಿಯೋಗಳು ಓದಿನ ದಿನಗಳಲ್ಲಿ ಪೋಲಿಯೋ ಕಾಲನ್ನು ಮುಟ್ಟಿ ನೋಡಿರುವುದೇ ಕಡಿಮೆ. ಹಾಗಾಗಿಯೇ ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿತು.

ಮೊದಲ ಆರು ತಿಂಗಳು

ಅಕ್ಕ ಬಂದಿದ್ದು ಬಿಪಿ ಮತ್ತು ಸುಸ್ತಿನ ದೂರಿನಿಂದ. ನಾನು ಹಾಕಿಕೊಟ್ಟದ್ದು ಸಾಮಾನ್ಯ ಅಡಾಪ್ಟಿವ್ ಫಿಟ್‌ನೆಸ್ ಕಾರ್ಯಕ್ರಮ, ಅಂದರೆ ಅವರ ದೇಹಕ್ಕೆ ಹೊಂದಿಸಿದ ವ್ಯಾಯಾಮ. ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ. ಕೈ ಪೆಡಲ್, ಕೂತು ಬ್ಯಾಂಡ್ ಎಳೆಯುವುದು, ಬ್ಯಾಂಡನ್ನು ತಲೆಯ ಮೇಲಕ್ಕೆ ಒತ್ತುವುದು, ಬಲಗಾಲಿಗೆ 2 ಕೆಜಿ ಕಟ್ಟಿ ಮೊಣಕಾಲು ಚಾಚುವುದು, ಉಸಿರಾಟ, ಸ್ಟ್ರೆಚಿಂಗ್. ಎಲ್ಲವೂ ಕುರ್ಚಿಯ ಮೇಲೆ. ಬೀಳುವ ಭಯವಿಲ್ಲ. ಪೋಲಿಯೋ ಕಾಲಿನ ಮೂಳೆ ತೆಳ್ಳಗಿರುತ್ತದೆ, ಬಿದ್ದರೆ ಮುರಿಯುವುದು ಬೇಗ. ಆದ್ದರಿಂದ ಆ ಎಚ್ಚರಿಕೆ ತಪ್ಪಲ್ಲ. ಬಿಪಿಗೆ, ತೂಕಕ್ಕೆ, ಉಸಿರಿಗೆ ಆ ಕಾರ್ಯಕ್ರಮ ಒಳ್ಳೆಯದನ್ನೇ ಮಾಡಿತು.

ಆದರೆ ಅಕ್ಕನ ದಿನ ಪೂರ್ತಿ ಕುರ್ಚಿಯ ಮೇಲೆ ಕಳೆಯುವುದಿಲ್ಲ. ಅಷ್ಟು ಸರಳವಾದ ವಿಷಯ ನನಗೆ ಹೊಳೆದಿರಲಿಲ್ಲ.

ಬಸ್ಸಿನ ಮಾತು ಬಂದ ಮೇಲೆ ಅವರ ಒಂದು ವಾರದ ದಿನಚರಿ ಬರೆಸಿದೆ. ಎಷ್ಟು ಸಲ ಏಳುತ್ತೀರಿ, ಎಲ್ಲಿ ಏನು ಹಿಡಿಯುತ್ತೀರಿ, ಯಾವ ಕೆಲಸಕ್ಕೆ ಯಾರನ್ನು ಕರೆಯುತ್ತೀರಿ ಅಂತ. ಮಗಳು ಹಳೆಯ ನೋಟ್‌ಬುಕ್‌ನಲ್ಲಿ ಗೀಟು ಹಾಕಿ ಬರೆದುಕೊಟ್ಟಳು. ಅದರಿಂದ ಮೂರು ಆಸೆ ಹೊರಬಂದವು. ಒಬ್ಬರೇ ಬಸ್ ಹತ್ತಿ ಇಳಿಯಬೇಕು. ನೆಂಟರ ಮನೆಯಲ್ಲಿ, ಪೂಜೆಯಲ್ಲಿ ಕೆಳಗೆ ಕೂತು ಏಳಬೇಕು. ಬಟ್ಟೆಯ ಗಂಟನ್ನು ಬಸ್ ಸ್ಟ್ಯಾಂಡ್‌ನಿಂದ ಆಟೋ ಸ್ಟ್ಯಾಂಡ್‌ವರೆಗೆ ತಾವೇ ತರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ ಆಗಿದೆ. ಆದರೂ ಇವರು ಗಂಡನನ್ನೋ ಮಗಳನ್ನೋ ಕಾಯಬೇಕಿತ್ತು. ಗಂಡ ಅದಕ್ಕಾಗಿ ಒಂದು ದಿನದ ಕೂಲಿ ಬಿಡಬೇಕಿತ್ತು.

ಫಂಕ್ಷನಲ್ ಟ್ರೈನಿಂಗ್ ಅಂದರೆ ಏನೋ ಹೊಸ ಸಲಕರಣೆ ಅಂದುಕೊಳ್ಳುವವರಿದ್ದಾರೆ. ದಿನನಿತ್ಯದ ಚಲನೆಗಳನ್ನೇ ವ್ಯಾಯಾಮವಾಗಿ ಮಾಡುವುದು, ಅಷ್ಟೇ. ಏಳುವುದು, ಬಗ್ಗುವುದು, ಹತ್ತುವುದು, ಎಳೆಯುವುದು, ಹೊರುವುದು, ತಿರುಗುವುದು.

ಹೊಸ ವ್ಯಾಯಾಮ ಶುರು ಮಾಡುವ ಮೊದಲು ಎರಡು ಪರೀಕ್ಷೆ ಮಾಡಿದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು: 21 ಸೆಕೆಂಡ್. ವಯಸ್ಸಾದವರಲ್ಲಿ 12 ಸೆಕೆಂಡ್ ಆದರೇ ಬೀಳುವ ಅಪಾಯ ಇದೆ ಅಂತ ಲೆಕ್ಕ. ಇನ್ನೊಂದು, 30 ಸೆಕೆಂಡಿನಲ್ಲಿ ಎಷ್ಟು ಸಲ ಕೂತು ಏಳುತ್ತಾರೆ ಅನ್ನುವುದು. ಕೈ ಊರಿದರೆ ನಿಯಮದ ಪ್ರಕಾರ ಅಂಕ ಸೊನ್ನೆ. ಅಕ್ಕನಿಗೆ ಆ ನಿಯಮದಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ಕೈ ಊರಿಯೇ ಎಣಿಸಿದೆವು: 6.

ನಾನು ಮಾಡಿದ ತಪ್ಪು

ಇದ್ದ 45 ನಿಮಿಷಕ್ಕೆ ಇನ್ನೂ 20 ನಿಮಿಷ ಸೇರಿಸಿದೆ. ಕುರ್ಚಿಯಿಂದ ಏಳುವುದು ಹತ್ತರಂತೆ ಮೂರು ಸಲ, 15 ಸೆಂ.ಮೀ. ಮೆಟ್ಟಿಲು ಹತ್ತಿ ಇಳಿಯುವುದು, 4 ಕೆಜಿ ಚೀಲ ಹಿಡಿದು ನಡೆಯುವುದು. ಅಕ್ಕನಿಗೆ ಎಲ್ಲಿಲ್ಲದ ಹುರುಪು. ಎರಡು ವಾರ ಚೆನ್ನಾಗಿ ನಡೆಯಿತು. ನಾನೂ ಹುರುಪಿನಲ್ಲೇ ಇದ್ದೆ.

ಮೂರನೇ ವಾರ ಅವರು ಬರಲಿಲ್ಲ. ಫೋನ್ ಮಾಡಿದಾಗ ದನಿಯೇ ಸೋತಿತ್ತು. ಬೆಳಿಗ್ಗೆ ಏಳುವಾಗಲೇ ಸುಸ್ತು, ಮಧ್ಯಾಹ್ನದ ಹೊತ್ತಿಗೆ ಬಲತೊಡೆ ನಡುಗುತ್ತದೆ, ಅಡುಗೆ ಮನೆಯಲ್ಲಿ ನಿಲ್ಲಲು ಆಗುತ್ತಿಲ್ಲ. ಬಚ್ಚಲಲ್ಲಿ ಒಮ್ಮೆ ಬಲಮೊಣಕಾಲೇ ಕುಸಿದಿತ್ತು. ಹಂಡೆಯ ಕಟ್ಟೆ ಹಿಡಿದುಕೊಂಡದ್ದರಿಂದ ಬೀಳಲಿಲ್ಲ. "ನಂಬ್ಕೊಂಡಿದ್ದ ಕಾಲೇ ಕೈ ಕೊಡ್ತು ಸಾರ್" ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಏನಾಯಿತು ಅಂತ ಹೇಳುತ್ತೇನೆ. ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳಿವೆ. ಪೋಲಿಯೋ ವೈರಸ್ ಅವುಗಳನ್ನು ಕೊಲ್ಲುತ್ತದೆ. ಉಳಿದ ಕೋಶಗಳು ಹೊಸ ಕವಲು ಚಿಗುರಿಸಿ, ದಿಕ್ಕಿಲ್ಲದ ಸ್ನಾಯು ಎಳೆಗಳನ್ನೂ ತಾವೇ ನೋಡಿಕೊಳ್ಳುತ್ತವೆ. ಒಬ್ಬನ ದುಡಿಮೆಯಲ್ಲಿ ಹತ್ತು ಜನ ಉಣ್ಣುವ ಮನೆಯ ಹಾಗೆ. ವರ್ಷಗಟ್ಟಲೆ ಮನೆ ನಡೆಯುತ್ತದೆ, ಹೊರಗಿನವರಿಗೆ ಕಷ್ಟ ಕಾಣುವುದಿಲ್ಲ. ವಯಸ್ಸಾಗುತ್ತ ಬಂದಂತೆ ಆ ಒಬ್ಬ ದುಡಿಯುವವನು ಸೋಲುತ್ತಾನೆ. ಚೆನ್ನಾಗಿದೆ ಅಂದುಕೊಂಡ ಕಾಲಿನಲ್ಲೂ ಪೋಲಿಯೋ ಒಂದಿಷ್ಟು ಕೈಯಾಡಿಸಿರುವುದು ಸಾಮಾನ್ಯ. ಬಲಗಾಲಿನ 4 ಅದನ್ನೇ ಹೇಳುತ್ತಿತ್ತು. ಅದು ಪೂರ್ತಿ ಆರೋಗ್ಯದ ಕಾಲಾಗಿದ್ದರೆ 5 ಇರಬೇಕಿತ್ತಲ್ವಾ? ಬೇರೆಯವರಿಗೆ ಸುಸ್ತಾಗುವವರೆಗೆ ಮಾಡಿದರೆ ಶಕ್ತಿ ಬರುತ್ತದೆ. ಇಂಥ ಸ್ನಾಯುವಿಗೆ ಸುಸ್ತಾಗುವವರೆಗೆ ಮಾಡಿಸಿದರೆ ಇದ್ದ ಶಕ್ತಿಯೂ ಹೋಗಬಹುದು.

ಜೊತೆಗೆ ಅಕ್ಕನ ಬಲಗಾಲು ಮನೆಯಲ್ಲಿ ಆಗಲೇ ದಿನಕ್ಕೆ ಮೂವತ್ತು ಸಲ ಅವರನ್ನು ಎಬ್ಬಿಸುತ್ತಿತ್ತು. ಅದು ನೋಟ್‌ಬುಕ್‌ನಲ್ಲೇ ಇತ್ತು. ನಾನು ಓದಿದ್ದೆ, ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹತ್ತು ದಿನ ಎಲ್ಲ ನಿಲ್ಲಿಸಿದೆವು. ಡಾಕ್ಟರ ಹತ್ತಿರ ಕಳಿಸಿದೆ. ಹೊಸ ಸುಸ್ತನ್ನೆಲ್ಲ ಪೋಲಿಯೋ ತಲೆಗೆ ಕಟ್ಟಬಾರದು, ಬೇರೆ ಕಾರಣ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.8 ಬಂತು. ಕಬ್ಬಿಣದ ಮಾತ್ರೆ ಶುರುವಾಯಿತು. ಮುಂದೆ ಬರುವ ಸುಧಾರಣೆಯಲ್ಲಿ ಆ ಮಾತ್ರೆಯ ಪಾಲೂ ಇದೆ, ಎಲ್ಲವೂ ವ್ಯಾಯಾಮದ್ದಲ್ಲ.

ಮತ್ತೆ ಶುರು: ಮೊದಲು ಕಳೆಯುವುದು

ಈ ಸಲ ಶೀಟ್ ಮೇಲೆ ಮೊದಲು ಗೀಟು ಹೊಡೆದದ್ದು ತೆಗೆಯುವುದಕ್ಕೆ. ಬಲಗಾಲಿಗೆ 2 ಕೆಜಿ ಕಟ್ಟುವುದು ಹೋಯಿತು, ಕುರ್ಚಿಯಿಂದ ಏಳುವಾಗ ಅದೇ ಸ್ನಾಯು ದುಡಿಯುತ್ತದೆ. ತಲೆಯ ಮೇಲೆ ಒತ್ತುವುದು ಹೋಯಿತು. ಭುಜ ನೋಯುತ್ತಿರುವಾಗ ಅದು ಬೇಡವಾಗಿತ್ತು, ಅಕ್ಕನ ದಿನದಲ್ಲಿ ತಲೆಗಿಂತ ಮೇಲೆ ಎತ್ತುವ ಭಾರವೂ ಇರಲಿಲ್ಲ. ಬ್ಯಾಂಡ್ ಎಳೆಯುವುದು ಉಳಿಯಿತು, ಬಸ್ಸಿನ ಕಂಬಿ ಎಳೆಯಲು ಅದು ಬೇಕು. ಸೋಮವಾರ ಮತ್ತು ಗುರುವಾರ ಫಂಕ್ಷನಲ್. ಶನಿವಾರ ಬರೀ ಕೈ ಪೆಡಲ್, ಉಸಿರಾಟ, ಸ್ಟ್ರೆಚಿಂಗ್, ಅಂದರೆ ಬಿಪಿಗೆ ಬೇಕಾದದ್ದು.

ಒಂದು ದಿನಕ್ಕೆ ಒಟ್ಟು 40 ನಿಮಿಷ. ಅದರಲ್ಲಿ 15 ನಿಮಿಷ ಸುಮ್ನೆ ಕೂರುವುದು. ನಾಲ್ಕು ಸಲ ಏಳು, ಎರಡು ನಿಮಿಷ ಕೂರು, ಮತ್ತೆ ನಾಲ್ಕು ಸಲ. ಶ್ರಮ 10ಕ್ಕೆ 4 ಅಥವಾ 5 ಅನ್ನಿಸಬೇಕು, ದಾಟಬಾರದು. ಮಾರನೆಯ ದಿನ ಬೆಳಿಗ್ಗೆ ಎದ್ದಾಗ ಸುಸ್ತು ಉಳಿದಿದ್ದರೆ ಮುಂದಿನ ಸಲ ಮೂರರಲ್ಲಿ ಒಂದು ಪಾಲು ಕಡಿಮೆ. ಮಧ್ಯಾಹ್ನಕ್ಕೆ ಅಕ್ಕ ಸೋಲುತ್ತಿದ್ದರಿಂದ ಸಮಯವನ್ನು ಬೆಳಿಗ್ಗೆ 7ಕ್ಕೆ ತಂದೆವು. ಹೊಲಿಯುವಾಗ ಬೇಕಾಗುವ ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆಯನ್ನು ಕೈಗೆಟುಕುವಲ್ಲಿ ಇಟ್ಟು, ದಿನಕ್ಕೆ ಮೂವತ್ತು ಸಲ ಏಳುವುದನ್ನು ಹದಿನೆಂಟಕ್ಕೆ ಇಳಿಸಿದೆವು. ಮನೆಯಲ್ಲಿ ಉಳಿಸಿದ ಆ ಹನ್ನೆರಡನ್ನೇ ನಾವು ಕ್ಲಿನಿಕ್‌ನಲ್ಲಿ ಖರ್ಚು ಮಾಡಿದ್ದು.

ಸುಮ್ಮನೆ ಕೂರುವುದು ಅಕ್ಕನಿಗೆ ತುಂಬಾ ಕಷ್ಟವಾಯಿತು. "ದುಡ್ಡು ಕೊಟ್ಟು ಕೂತ್ಕೊಳೋಕೆ ಬರೋದಾ?" ಅಂತ ಕೇಳಿದರು. ಕಾಲು ಕುಸಿದ ದಿನವನ್ನು ನೆನಪಿಸಿದೆ. ಆಮೇಲೆ ಕೇಳಲಿಲ್ಲ.

ಬಸ್ ಹತ್ತುವುದರಲ್ಲಿ ಏನಿದೆ

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡ್‌ನಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರನ್ನು ಕೇಳಿಕೊಂಡು ಟೇಪು ಹಿಡಿದು ಅಳೆದೆವು. ನೆಲದಿಂದ ಮೊದಲ ಮೆಟ್ಟಿಲು 42 ಸೆಂ.ಮೀ. ನಾನು 15 ಸೆಂ.ಮೀ. ಪೆಟ್ಟಿಗೆಯ ಮೇಲೆ ಅಭ್ಯಾಸ ಮಾಡಿಸುತ್ತಿದ್ದೆ! ಬಡಗಿಯಿಂದ ಒಂದರ ಮೇಲೊಂದು ಕೂರುವ ಹಲಗೆ ಪೆಟ್ಟಿಗೆ ಮಾಡಿಸಿದೆ. ಗೋಡೆಗೆ ಬಸ್ಸಿನ ಬಾಗಿಲಲ್ಲಿರುವ ಹಾಗೆ ಎರಡು ನೆಟ್ಟನೆ ಪೈಪ್ ಹಾಕಿಸಿದೆ.

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೊರಗಿದ ಕಾಲು ಮೊದಲು. ಇದು ಎಲ್ಲ ಫಿಸಿಯೋಗೂ ಗೊತ್ತು. ಆದರೆ ಅಕ್ಕ ಹತ್ತುವುದನ್ನು ಹತ್ತಿರದಿಂದ ನೋಡಿದಾಗ ತೊಡಕು ಬೇರೆಯೇ ಇತ್ತು. ಬಲಗಾಲನ್ನು ಅಷ್ಟೆತ್ತರಕ್ಕೆ ಎತ್ತಿದಾಗ ಇಡೀ ಮೈಭಾರ ಎಡಗಾಲಿನ ಮೇಲೆ. ಆ ಕಾಲು ಕುಸಿಯದಿರಲು ಎಡಗೈ ತೊಡೆಯ ಮೇಲೇ ಇರಬೇಕು. ಬಲಗೈ ಮಾತ್ರ ಕಂಬಿಯ ಮೇಲೆ. ಬಲಪಾದ ಮೆಟ್ಟಿಲ ಮೇಲೆ ಕೂತಿತು ಅನ್ನಿ. ಇನ್ನು ಮೇಲೇರಲು ಎರಡೂ ಕೈ ಎಳೆಯಬೇಕು. ಅಂದರೆ ಎಡಗೈ ತೊಡೆ ಬಿಟ್ಟು ಕಂಬಿಗೆ ಹೋಗಬೇಕು. ಆ ಒಂದು ಸೆಕೆಂಡ್ ಎಡಗಾಲಿಗೆ ಯಾರೂ ಇಲ್ಲ. ಅಕ್ಕ ಅಲ್ಲೇ ಹೆದರಿ ನಿಲ್ಲುತ್ತಿದ್ದರು. ಅಲ್ಲೇ ಯಾರೋ ರಟ್ಟೆ ಹಿಡಿದು ಎಳೆಯುತ್ತಿದ್ದರು.

ಆರು ತಿಂಗಳು ನಾನು ಬಲಗಾಲಿಗೆ ಭಾರ ಕಟ್ಟಿದ್ದೆ. ತೊಂದರೆ ಇದ್ದದ್ದು ಕೈ ಬದಲಿಸುವುದರಲ್ಲಿ.

ಅದನ್ನೇ ಒಡೆದು ಅಭ್ಯಾಸ ಮಾಡಿಸಿದೆವು. ಬಲಪಾದ ಮೆಟ್ಟಿಲ ಮೇಲೆ ಇಟ್ಟ ಮೇಲೆ ಅವಸರ ಬೇಡ. ಎದೆಯನ್ನು ಮುಂದಕ್ಕೆ ತಂದು, ಮೂಗು ಬಲಮೊಣಕಾಲಿನ ಮೇಲೆ ಬರುವಷ್ಟು ಬಾಗಬೇಕು. ಆಗ ಭಾರ ಬಲಗಾಲಿಗೆ ದಾಟಿರುತ್ತದೆ. ದಾಟಿತು ಅಂತ ಗೊತ್ತಾಗುವುದು ಹೇಗೆ? ಎಡಹಿಮ್ಮಡಿ ಹಗುರವಾಗಿ ಅಲುಗುತ್ತದೆ. ಅದು ಅಲುಗಿದ ಮೇಲೆ ಕೈ ಬಿಡಬೇಕು, ಅಲ್ಲಿಯವರೆಗೆ ಬಿಡಬಾರದು. ಮೊದಲ ಎರಡು ವಾರ ಮೇಲೆ ಹತ್ತಿಸಲೇ ಇಲ್ಲ. 10 ಸೆಂ.ಮೀ. ಪೆಟ್ಟಿಗೆಯ ಮೇಲೆ ಪಾದ ಇಡು, ಬಾಗು, ಹಿಮ್ಮಡಿ ಗಮನಿಸು, ಕೈ ಬದಲಿಸು, ವಾಪಸ್. ಅಷ್ಟೇ. ನಾನು ಹಿಂದೆ ಸೊಂಟದ ಬೆಲ್ಟ್ ಹಿಡಿದು ನಿಂತಿರುತ್ತಿದ್ದೆ. ಆಮೇಲೆ ವಾರಕ್ಕೆ ಹೆಚ್ಚೆಂದರೆ 5 ಸೆಂ.ಮೀ. ಏರಿಸಿದೆವು. ಎರಡು ಸಲ ಏರಿಸದೆ ಹಿಂದಕ್ಕೂ ಬಂದೆವು.

ಬಸ್ ಹತ್ತುವುದರಲ್ಲಿ ಬಾಯಿಯ ಕೆಲಸವೂ ಇದೆ. ಮೊದಲೇ ಕಂಡಕ್ಟರ್‌ಗೆ ಕೇಳುವಂತೆ "ನಾನು ನಿಧಾನ ಹತ್ತಬೇಕು, ರೈಟ್ ಅನ್ನಬೇಡಿ" ಅಂತ ಹೇಳಬೇಕು. ಅಕ್ಕನಿಗೆ ಇದು ಸಂಕೋಚ. ಕ್ಲಿನಿಕ್‌ನಲ್ಲಿ ಪ್ರತಿ ಸಲ ಪೈಪ್ ಹಿಡಿಯುವ ಮೊದಲು ಆ ಮಾತನ್ನು ಜೋರಾಗಿ ಹೇಳಿಸಿದೆ. ಇದನ್ನೂ ನಾನು ವ್ಯಾಯಾಮದ ಭಾಗ ಅಂತಲೇ ನೋಡುತ್ತೇನೆ. ಪ್ಲಾಟ್‌ಫಾರಂಗೆ ಬಸ್ ಹತ್ತಿರ ನಿಂತರೆ ಮೆಟ್ಟಿಲ ಎತ್ತರ ಸಾಕಷ್ಟು ಕಡಿಮೆಯಾಗುತ್ತದೆ, ಅಂಥ ಜಾಗ ನೋಡಿ ನಿಲ್ಲುವುದನ್ನು ಅವರೇ ಕಂಡುಕೊಂಡರು.

ನೆಲದಿಂದ ಏಳುವುದು, ಗಂಟು ಹೊರುವುದು

ನೆಲದ ಅಭ್ಯಾಸವನ್ನು ಮೇಲಿನಿಂದ ಕೆಳಕ್ಕೆ ತಂದೆವು. 45 ಸೆಂ.ಮೀ. ಕುರ್ಚಿ, ಆಮೇಲೆ ಸ್ಟೂಲ್, ಆಮೇಲೆ ಒಂದರ ಮೇಲೊಂದು ಮೂರು ಮಣೆ, ಎರಡು, ಕೊನೆಗೆ ಒಂದು. ಏಳುವ ಕ್ರಮ ಹೀಗೆ: ಮುಂದೆ ಗಟ್ಟಿ ಸ್ಟೂಲ್, ಎರಡೂ ಕೈ ಅದರ ಮೇಲೆ. ಮಡಿಸಿದ ರಗ್ಗಿನ ಮೇಲೆ ಎಡಮೊಣಕಾಲು. ಬಲಪಾದ ಮುಂದೆ ಊರಿ ಒತ್ತಿ ಸೊಂಟ ಎತ್ತಬೇಕು. ಎಡಗೈಯಿಂದ ಎಡತೊಡೆಯನ್ನು ಹಿಂದಕ್ಕೆ ಒತ್ತಿ ಮೊಣಕಾಲು ನೇರ ಮಾಡಬೇಕು. ಆಮೇಲೆ ಬೆನ್ನು ನೆಟ್ಟಗೆ. ಬಿದ್ದರೆ ಏಳುವ ದಾರಿಯೂ ಇದೇ ಆದ್ದರಿಂದ ಗಂಡ, ಮಗಳಿಗೂ ತೋರಿಸಿಕೊಟ್ಟೆ. ರಟ್ಟೆ ಹಿಡಿದು ಎಳೆಯಬೇಡಿ, ಸ್ಟೂಲ್ ತಂದಿಡಿ ಅಂತ.

ಗಂಟಿನ ವಿಷಯ ಬೇಗ ಬಗೆಹರಿಯಿತು. ಎಡಗೈ ತೊಡೆಯ ಮೇಲಿರುವುದರಿಂದ ಚೀಲ ಯಾವಾಗಲೂ ಬಲಗೈಯಲ್ಲಿ. ಬಲಗೈಯಲ್ಲಿ ಭಾರ ಹಿಡಿದಾಗ ಎಡಸೊಂಟದ ಸ್ನಾಯುವಿಗೆ ಕೆಲಸ ಜಾಸ್ತಿ, ಅದೋ ಮೊದಲೇ 3. ಮಗಳ ಹಳೆಯ ಕಾಲೇಜು ಬ್ಯಾಗನ್ನು ಬೆನ್ನಿಗೆ ಹಾಕಿಸಿದೆ. ಸೀರೆಯ ಮೇಲೆ ಬ್ಯಾಗಾ ಅಂತ ಮೊದಲು ಹಿಂಜರಿದರು. 2 ಕೆಜಿಯಿಂದ ಶುರು ಮಾಡಿ 5ಕ್ಕೆ ಬಂದೆವು.

16 ವಾರದ ನಂತರ

ಎದ್ದು ನಡೆದು ಕೂರುವುದು 21ರಿಂದ 16.5 ಸೆಕೆಂಡಿಗೆ ಬಂತು. ಇನ್ನೂ 12ಕ್ಕಿಂತ ಜಾಸ್ತಿಯೇ. ಹೊರಗೆ ಹೋಗುವಾಗ ಬಲಗೈಯಲ್ಲಿ ಕೋಲು ಹಿಡಿಯಲು ಒಪ್ಪಿದ್ದಾರೆ. ಕೈ ಊರಿ ಏಳುವುದು 6ರಿಂದ 9. ಭುಜದ ನೋವು 10ಕ್ಕೆ 5 ಇದ್ದದ್ದು 2. ಬಿಪಿ ಹಾಗೇ ನಿಂತಿದೆ. ವ್ಯಾಯಾಮ ಕಡಿಮೆ ಮಾಡಿದರೆ ಅದು ಏರಬಹುದು ಅಂತ ನನಗೆ ಭಯವಿತ್ತು, ಏರಲಿಲ್ಲ.

ಎಡತೊಡೆಯ ಸ್ನಾಯು 2 ಇತ್ತು, ಈಗಲೂ 2. ಸತ್ತ ನರಕೋಶ ವ್ಯಾಯಾಮದಿಂದ ಹುಟ್ಟುವುದಿಲ್ಲ. ಇದನ್ನು ಮೊದಲ ದಿನವೇ ಅಕ್ಕನಿಗೆ ಹೇಳಿದ್ದೆ. ಪೋಲಿಯೋ ಬಂದವರಿಗೆ ಯಾರಾದರೂ ಕಾಲು ಮೊದಲಿನಂತೆ ಮಾಡಿಕೊಡುತ್ತೇನೆ ಅಂದರೆ ದಯವಿಟ್ಟು ನಂಬಬೇಡಿ.

ಒಂದು ಮಣೆಯಿಂದ ಸ್ಟೂಲ್ ಹಿಡಿದು ತಾವೇ ಏಳುತ್ತಾರೆ. ಬರಿ ನೆಲದಿಂದ ಇನ್ನೂ ಒಬ್ಬರ ಕೈ ಬೇಕು. ಪೂಜೆಗೆ ಹೋದಲ್ಲಿ ಮಣೆ ಕೇಳಿ ಹಾಕಿಸಿಕೊಳ್ಳುತ್ತಾರೆ. 5 ಕೆಜಿ ಬ್ಯಾಗ್ ಹಾಕಿಕೊಂಡು 150 ಮೀಟರ್ ನಡೆಯುತ್ತಾರೆ, ನಡುವೆ ಒಂದು ಕಡೆ ಕೂರುತ್ತಾರೆ.

ಬಸ್ಸನ್ನು 13ನೇ ವಾರ ಒಬ್ಬರೇ ಹತ್ತಿದರು. ನಾನು ಪ್ಲಾಟ್‌ಫಾರಂನಲ್ಲಿ ನಾಲ್ಕು ಹೆಜ್ಜೆ ದೂರ ನಿಂತಿದ್ದೆ. ಗಂಡ ನನ್ನ ಪಕ್ಕ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು. ಅಕ್ಕ ಕಂಡಕ್ಟರ್‌ಗೆ ಹೇಳಬೇಕಾದ್ದನ್ನು ಹೇಳಿದರು. ಬಲಪಾದ ಇಟ್ಟರು. ಬಾಗಿದರು. ನಾನು ನೋಡುತ್ತಿದ್ದದ್ದು ಅವರ ಎಡಹಿಮ್ಮಡಿಯನ್ನು ಮಾತ್ರ. ಅದು ಅಲುಗಿತು. ಕೈ ಬದಲಾಯಿತು.

ಈಗ ಅವರು ಸೋಮವಾರ ಮತ್ತು ಶನಿವಾರ ಮಾತ್ರ ಬರುತ್ತಾರೆ. ಗುರುವಾರದ ಸಾಲಿಗೆ ಶೀಟ್‌ನಲ್ಲಿ ಗೀಟು ಹೊಡೆದಿದ್ದೇನೆ. ಆ ದಿನ ಅಕ್ಕ ತುಮಕೂರಿಗೆ ಹೋಗಿ ಲೈನಿಂಗ್ ಬಟ್ಟೆ ತರುತ್ತಾರೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಸ್ ಹತ್ತಿ ಇಳಿಯುತ್ತಾರೆ. ಅದರ ಮೇಲೆ ಇನ್ನೊಂದು ವ್ಯಾಯಾಮ ನಾನು ಸೇರಿಸುವುದಿಲ್ಲ.